ಸಿಬಿಲ್ ಅಂದರೆ ಸ್ಕೋರ್ ಅಲ್ಲ

‘ಸಿಬಿಲ್ ಎಷ್ಟಿದೆ?’, ‘ಸಿಬಿಲ್ ಹಾಳಾಯ್ತು’, ‘ಸಿಬಿಲ್ ನೋಡದೆ ಸಾಲ’, ‘ಸಿಬಿಲ್ ಕ್ಲಿಯರ್ ಮಾಡಿಸಿಕೊಡುತ್ತೇವೆ’. ಇವನ್ನೆಲ್ಲ ಸಹಿಸಿಕೊಂಡಿದ್ದೆ. ‘ಸಿಬಿಲ್ ಇಲಾಖೆಯವರು ನನ್ನ ಸಾಲ ತಡೆದರು’ ಎಂಬ ಮಾತು ಕಣ್ಣಿಗೆ ಬಿದ್ದ ಮೇಲೆ ಇದನ್ನು ಬರೆಯಲೇಬೇಕಾಯಿತು. ಅಂಥ ಇಲಾಖೆ ಇಲ್ಲ. ಸಿಬಿಲ್ ಯಾರ ಸಾಲವನ್ನೂ ತಡೆಯುವುದಿಲ್ಲ, ಮಂಜೂರು ಮಾಡುವುದೂ ಇಲ್ಲ.

‘ಕ್ರೆಡಿಟ್ ಇನ್‌ಫರ್ಮೇಶನ್ ಬ್ಯೂರೋ (ಇಂಡಿಯಾ) ಲಿಮಿಟೆಡ್’ ಎಂಬ ಉದ್ದ ಹೆಸರಿನ ಮೊದಲಕ್ಷರಗಳೇ ಸಿಬಿಲ್. ಕಂಪನಿ ಹುಟ್ಟಿದ್ದು 2000ದಲ್ಲಿ. ಸಾಲ ಪಡೆದವರು ಅದನ್ನು ಹೇಗೆ ತೀರಿಸಿದರು ಎಂಬ ದಾಖಲೆಯನ್ನು ಬ್ಯಾಂಕುಗಳಿಂದ ಪಡೆದು, ವರದಿಯನ್ನೂ ಅಂಕವನ್ನೂ (ಸ್ಕೋರ್) ಕೊಡುವುದು ಅದರ ಕೆಲಸ. ‘ಬ್ಯೂರೋ’ ಎಂದು ಕೇಳಿದೊಡನೆ ಸರ್ಕಾರಿ ಕಚೇರಿ ನೆನಪಾಗುವುದು ಸಹಜ. ಆದರೆ ಕೊನೆಯ ‘ಲಿಮಿಟೆಡ್’ ಅನ್ನು ಯಾರೂ ಗಮನಿಸುವುದಿಲ್ಲ. ಇಂದು ಅದರ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಬಹುಪಾಲು ಒಡೆತನ ಅಮೆರಿಕದ ಟ್ರಾನ್ಸ್‌ಯೂನಿಯನ್ ಕಂಪನಿಯದು. ಇದೇ ಕೆಲಸಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಇನ್ನೂ ಮೂರು ಕಂಪನಿಗಳಿವೆ: ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್. ಸಾಲ ಕೊಡುವ ಸಂಸ್ಥೆಗಳು ಈ ನಾಲ್ಕಕ್ಕೂ ಸದಸ್ಯರಾಗಬೇಕೆಂದು ರಿಸರ್ವ್ ಬ್ಯಾಂಕ್ 2015ರಲ್ಲೇ ಆದೇಶಿಸಿದೆ. ಅಂದರೆ ನಿಮ್ಮ ಸಾಲದ ಚರಿತ್ರೆ ನಾಲ್ಕು ಕಡೆ ಇದೆ. ನಾಲ್ಕಕ್ಕೂ ಒಂದರ ಹೆಸರಿಟ್ಟರೆ ಉಳಿದ ಮೂರು ಕಡೆ ಏನು ಬರೆದಿದೆ ಎಂದು ನೋಡುವ ಯೋಚನೆಯೇ ಬರುವುದಿಲ್ಲ. ಈ ಪದದ ಮೇಲೆ ನನಗಿರುವ ದೊಡ್ಡ ತಕರಾರು ಇದೇ.

‘ಕ್ರೆಡಿಟ್’ ಎಂಬುದರ ಮೂಲ ಲ್ಯಾಟಿನ್ನಿನ ‘ಕ್ರೆದೆರೆ’, ಅಂದರೆ ನಂಬು. ನಂಬಿ ಒಪ್ಪಿಸಿದ್ದು ಕ್ರೆಡಿಟ್. ಇದಕ್ಕೆ ನಮ್ಮಲ್ಲೇ ಒಳ್ಳೆಯ ಪದವಿದೆ: ಪತ್ತು. ‘ಪತ್ತಿನ ಸಹಕಾರ ಸಂಘ’ದ ಬೋರ್ಡು ನೋಡದವರಿಲ್ಲ, ಆದರೆ ಆ ಪತ್ತು ಏನೆಂದು ಕೇಳಿದರೆ ಹೆಚ್ಚಿನವರು ‘ಸಾಲ’ ಎನ್ನುತ್ತಾರೆ. ಸಾಲ ಬೇರೆ, ಪತ್ತು ಬೇರೆ. ಕೈಗೆ ಬಂದ ಹಣ ಸಾಲ. ಆ ಹಣ ಕೊಡಬಹುದು ಎಂದು ಕೊಡುವವರಿಗೆ ನಿಮ್ಮ ಮೇಲಿರುವ ನಂಬಿಕೆ ಪತ್ತು. ಮರಾಠಿಯಲ್ಲೂ ‘ಪತ್’ ಎಂದರೆ ಇದೇ, ಅಲ್ಲಿನ ‘ಪತಸಂಸ್ಥಾ’ ನಮ್ಮ ಪತ್ತಿನ ಸಂಘದ ನೆಂಟ. ಒಂದು ರೂಪಾಯಿ ಸಾಲವಿಲ್ಲದವರಿಗೂ ಪತ್ತು ಇರಬಹುದು, ಕೋಟಿ ಸಾಲವಿರುವವರಿಗೆ ಪತ್ತು ಇಲ್ಲದಿರಬಹುದು. ಹಿಂದೆ ಪತ್ತನ್ನು ಅಳೆಯುತ್ತಿದ್ದವರು ನಿಮ್ಮನ್ನು ಬಲ್ಲವರು. ಈಗ ಅಳೆಯುವವರು ನಿಮ್ಮನ್ನು ಕಂಡೇ ಇಲ್ಲ, ಅವರ ಮುಂದಿರುವುದು ಬ್ಯಾಂಕುಗಳು ಕಳಿಸಿದ ದಾಖಲೆ ಮಾತ್ರ. ಆ ದಾಖಲೆ ತಪ್ಪಿದ್ದರೆ ಪತ್ತೂ ತಪ್ಪು. ಅದನ್ನು ನೋಡುವ ಹಕ್ಕು ಮುಖ್ಯವಾಗುವುದು ಈ ಕಾರಣಕ್ಕೆ.

ಹಾಗಾದರೆ ನೋಡಬೇಕಾದ್ದು ಏನನ್ನು? ಸ್ಕೋರನ್ನಲ್ಲ, ವರದಿಯನ್ನು. 300ರಿಂದ 900ರ ನಡುವಿನ ಆ ಅಂಕಿ ಅಂಕಪಟ್ಟಿಯಲ್ಲಿನ ಒಟ್ಟು ಮೊತ್ತವಿದ್ದಂತೆ, ವರದಿ ಉತ್ತರಪತ್ರಿಕೆ. ಮರುಎಣಿಕೆ ಕೇಳಬೇಕಾದರೆ ಉತ್ತರಪತ್ರಿಕೆಯೇ ಬೇಕು. ಯಾವ ಸಾಲ, ಯಾವಾಗ ತೆಗೆದದ್ದು, ಯಾವ ತಿಂಗಳ ಕಂತು ಎಷ್ಟು ದಿನ ತಡವಾಯಿತು, ಯಾವ ಬ್ಯಾಂಕು ಯಾವಾಗ ನಿಮ್ಮ ವರದಿ ಕೇಳಿ ತರಿಸಿಕೊಂಡಿತು, ಎಲ್ಲವೂ ಅದರಲ್ಲಿರುತ್ತದೆ. ನೆಂಟರ ಸಾಲಕ್ಕೆ ಜಾಮೀನು ಹಾಕಿ ಮರೆತಿದ್ದರೆ ಅದೂ ಇರುತ್ತದೆ. ತೀರಿಸಿದ ಸಾಲ ‘ಕ್ಲೋಸ್ಡ್’ ಎಂದು ಇರಬೇಕಾದಲ್ಲಿ ‘ಸೆಟಲ್ಡ್’ ಎಂದಿದ್ದರೆ ಬಿಡಬೇಡಿ. ಕನ್ನಡದಲ್ಲಿ ಎರಡನ್ನೂ ‘ಸಾಲ ಮುಗಿಯಿತು’ ಎಂದುಬಿಡುತ್ತೇವೆ, ಬ್ಯಾಂಕಿನ ಭಾಷೆಯಲ್ಲಿ ‘ಸೆಟಲ್ಡ್’ ಎಂದರೆ ಪೂರ್ತಿ ಕೊಡದೆ ರಾಜಿ ಮಾಡಿಕೊಂಡವರು.

ಈ ವರದಿಯನ್ನು ನೋಡುವುದು ಯಾರ ಉಪಕಾರವೂ ಅಲ್ಲ. ಅಂಕ ಸಮೇತ ಪೂರ್ಣ ವರದಿಯನ್ನು ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಕಂಪನಿಗಳು ನಾಲ್ಕಾದ್ದರಿಂದ ವರದಿಗಳೂ ನಾಲ್ಕು. ಸಾಲದ ಆ್ಯಪ್‌ಗಳು ‘ಫ್ರೀ ಸಿಬಿಲ್ ಚೆಕ್’ ಎಂದು ಅಂಕಿ ತೋರಿಸಿ, ಜೊತೆಗೆ ನಿಮ್ಮ ಫೋನ್ ನಂಬರ್ ಪಡೆದುಕೊಂಡು, ಮರುದಿನದಿಂದ ಸಾಲ ಬೇಕೇ ಎಂದು ಕರೆ ಮಾಡಲು ಅವಕಾಶ ಕೊಡಬೇಕಾಗಿಲ್ಲ. ನೇರವಾಗಿ ಆಯಾ ಕಂಪನಿಯ ಜಾಲತಾಣಕ್ಕೇ ಹೋಗಿ. ನಿಮ್ಮ ವರದಿ ನೀವೇ ತೆಗೆದರೆ ಅಂಕ ಇಳಿಯುವುದಿಲ್ಲ. ಇಳಿಯುತ್ತದೆಂಬ ಸುಳ್ಳು ಇನ್ನೂ ಓಡಾಡುತ್ತಿದೆ.

‘ಸಿಬಿಲ್ ಕ್ಲಿಯರ್’ ಮಾಡಿಸುವವರ ವಿಷಯಕ್ಕೆ ಬರೋಣ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ, ಮಾಹಿತಿ ಕಳಿಸಿದ ಬ್ಯಾಂಕು ಒಪ್ಪದೆ ಈ ಕಂಪನಿಗಳು ತಾವಾಗಿ ಏನನ್ನೂ ತಿದ್ದುವಂತಿಲ್ಲ. ನಿಜವಾದ ಬಾಕಿಯನ್ನು ಯಾವ ಏಜೆಂಟನೂ ಅಳಿಸಲಾರ. ತಪ್ಪಾಗಿ ಬಿದ್ದ ಬಾಕಿಯನ್ನು ತಿದ್ದಿಸಲು ಏಜೆಂಟ್ ಬೇಕಿಲ್ಲ. ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗಬೇಕು, ತಪ್ಪಿದರೆ ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ. ರಿಸರ್ವ್ ಬ್ಯಾಂಕ್ ಇದನ್ನು ಹೊರಡಿಸಿದ್ದು ಅಕ್ಟೋಬರ್ 2023ರಲ್ಲಿ, ಜಾರಿಯಾದದ್ದು ಮರುವರ್ಷದ ಏಪ್ರಿಲ್‌ನಲ್ಲಿ. ಅದಕ್ಕೂ ಜಗ್ಗದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2022ರಿಂದ ಈ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ.

ವರದಿ ಸಿಕ್ಕಿದರೂ ಅದರಿಂದ 640 ಹೇಗೆ ಬಂತು, 760 ಏಕೆ ಬರಲಿಲ್ಲ ಎಂಬುದು ತಿಳಿಯುವುದಿಲ್ಲ. ಸೂತ್ರ ಕಂಪನಿಯದು. ಯುರೋಪಿನಲ್ಲಿ ಈ ಪ್ರಶ್ನೆ ಕೋರ್ಟಿಗೇ ಹೋಯಿತು. ಆಸ್ಟ್ರಿಯಾದಲ್ಲಿ ತಿಂಗಳಿಗೆ 10 ಯೂರೋ ಕಟ್ಟುವ ಶಕ್ತಿಯಿಲ್ಲವೆಂದು ಒಬ್ಬರಿಗೆ ಮೊಬೈಲ್ ಸಂಪರ್ಕ ನಿರಾಕರಿಸಲಾಗಿತ್ತು, ಹಾಗೆ ನಿರ್ಣಯಿಸಿದ್ದು ಗಣಕ. ಯಾವ ಮಾಹಿತಿಯನ್ನು ಹೇಗೆ ಬಳಸಿ ಆ ನಿರ್ಣಯಕ್ಕೆ ಬಂದಿರಿ ಎಂದು ಅವರಿಗೆ ಅರ್ಥವಾಗುವಂತೆ ಹೇಳಬೇಕು, ಬರೀ ಗಣಿತದ ಸೂತ್ರವನ್ನು ಮುಂದಿಟ್ಟರೆ ಸಾಲದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಫೆಬ್ರವರಿ 2025ರಲ್ಲಿ ತೀರ್ಪಿತ್ತಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 11ನೇ ಕಲಮು ದತ್ತಾಂಶದ ಸಾರಾಂಶವನ್ನೂ ಅದು ಯಾರ್ಯಾರಿಗೆ ಹೋಯಿತೆಂಬುದನ್ನೂ ಕೇಳುವ ಹಕ್ಕನ್ನು ಹೇಳುತ್ತದೆ. ನಿರ್ಣಯದ ಹಿಂದಿನ ತರ್ಕದ ಪ್ರಸ್ತಾಪ ಆ ಕಲಮಿನಲ್ಲಿ ಇಲ್ಲ, ಇರಬೇಕಿತ್ತು.

ಇಷ್ಟಾದರೂ 2005ರ ಕಾಯ್ದೆಯ 21ನೇ ಕಲಮು ಕೈಯಲ್ಲೇ ಇದೆ, ಬಳಸುವವರು ಕಾಣುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿದವರು, ತಮ್ಮ ಬಗ್ಗೆ ಬ್ಯಾಂಕು ತರಿಸಿಕೊಂಡ ಮಾಹಿತಿಯ ಪ್ರತಿಯನ್ನು ಆ ಬ್ಯಾಂಕಿನಿಂದಲೇ ಕೇಳಬಹುದು. ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎಂದು ಮ್ಯಾನೇಜರ್ ಹೇಳಿದರೆ ಎದ್ದು ಬರಬೇಡಿ, ಆ ಪ್ರತಿಯನ್ನು ಲಿಖಿತವಾಗಿ ಕೇಳಿ. ಅವರು ನೋಡಿದ್ದು ಉಳಿದ ಮೂರು ಕಂಪನಿಗಳಲ್ಲಿ ಒಂದರ ವರದಿಯಾಗಿರಬಹುದು.