ಬರಲಿನ ಏಟಿನಿಂದ ಅಪ್ಪನ ಜೇಬಿನವರೆಗೆ

ಸಾಗರ ಸೀಮೆಯ ಅಡಿಕೆ ತೋಟಗಳ ಬೇಲಿಯಲ್ಲಿ ಸಣ್ಣ ಬೋರ್ಡು ಕಾಣುತ್ತದೆ: ಸಿಗಂದೂರು ಚೌಡೇಶ್ವರಿ ಅಮ್ಮನ ಕಾವಲಿದೆ. ಕಳ್ಳರಿಗೆ ಪೊಲೀಸರಿಗಿಂತ ಅಮ್ಮನ ಹೆದರಿಕೆ ಜಾಸ್ತಿ ಎಂಬ ಲೆಕ್ಕ. ಹದಿಮೂರು ಹದಿನಾಲ್ಕರ ಹುಡುಗರಿಗೆ ಒಮ್ಮೊಮ್ಮೆ ಅದೂ ಇರುವುದಿಲ್ಲ.

ನಾನು ಚಿಕ್ಕವನಿದ್ದಾಗ ಅಂಥವನೊಬ್ಬ ನಮ್ಮನೆ ಚಪ್ಪರದ ಅಡಿಕೆಯನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಹೋಗುವಾಗ ಸಿಕ್ಕಿಬಿದ್ದ. ಕಂಬಕ್ಕೆ ಕಟ್ಟಿದರು. ಅವನ ಅಪ್ಪ ಬಂದವನು ಯಾರನ್ನೂ ಏನೂ ಕೇಳದೆ ಲಕ್ಕಿ ಗಿಡದ ಬರಲು, ಅಂದರೆ ತೆಳು ಕೋಲು, ಮುರಿದು ತಾನೇ ಬಾರಿಸಿದ. ಆಮೇಲೆ ಅಜ್ಜಿ ಕಟ್ಟು ಬಿಚ್ಚಿ ಒಂದು ಲೋಟ ಕಾಫಿ ಕೊಟ್ಟಳು. ಸ್ಟೇಷನ್ನು, ಕೇಸು ಯಾವುದೂ ಇಲ್ಲ. ಒಳ್ಳೆಯ ನ್ಯಾಯ ಅಂದುಕೊಂಡೆವು. ಆ ಹುಡುಗ ಮತ್ತೆ ಶಾಲೆಗೆ ಬರಲಿಲ್ಲ ಅನ್ನುವುದು ನಮಗೆ ಹೊಳೆದದ್ದು ಬಹಳ ತಡವಾಗಿ.

‘ದಂಡಂ ದಶಗುಣಂ’ ಎಂದು ನಂಬಿದ್ದು ಊರವರಷ್ಟೇ ಅಲ್ಲ. ಬ್ರಿಟಿಷರ 1864ರ ಕಾಯ್ದೆ, ತಪ್ಪು ಮಾಡಿದ ಹುಡುಗರಿಗೆ ಬೇರೆ ಶಿಕ್ಷೆಯ ಬದಲು ‘ಶಾಲೆಯ ಶಿಸ್ತಿನ ರೀತಿಯಲ್ಲಿ’ ತೆಳು ಬೆತ್ತದ ಏಟು ಕೊಡಬಹುದು ಎಂದಿತ್ತು. ಕೋರ್ಟು ಮೇಷ್ಟ್ರಿಂದ ಕಲಿತದ್ದು! ನಮ್ಮ ಕೂಲಿ ಮಠಗಳೆಂಬ ಹಳೆಯ ಊರ ಶಾಲೆಗಳಲ್ಲಿ ಹುಡುಗರನ್ನು ಹಗ್ಗಕ್ಕೆ ನೇತುಹಾಕುತ್ತಿದ್ದ ಕೋದಂಡವನ್ನು ನೆನೆದರೆ ಮೇಷ್ಟ್ರುಗಳೇ ಒಂದು ಕೈ ಮೇಲು. ಆ ಏಟು ಕಾನೂನಿನಿಂದ ಪೂರ್ತಿ ಹೋದದ್ದು 1955ರಲ್ಲಿ. ಅಷ್ಟರಲ್ಲಿ ಇನ್ನೊಂದು ಯೋಚನೆಯೂ ಬೆಳೆದಿತ್ತು: ಹುಡುಗನನ್ನು ದೊಡ್ಡ ಕೈದಿಗಳ ಜೊತೆ ಹಾಕಿದರೆ ಪಳಗಿದ ಕಳ್ಳನಾಗಿ ಹೊರಬರುತ್ತಾನೆ. 1876ರ, ಮತ್ತೆ 1897ರ ಕಾಯ್ದೆಗಳು ತಂದ ಸುಧಾರಣಾ ಶಾಲೆಗಳ ಹಿಂದೆ ಇದ್ದದ್ದು ಇದೇ ಅಂಜಿಕೆ.

ನಮ್ಮ ರಾಜ್ಯ 1964ರಲ್ಲಿ ಮಕ್ಕಳ ಕಾಯ್ದೆ ಮಾಡಿಕೊಂಡಿತು. ಜಮ್ಮು-ಕಾಶ್ಮೀರ ಬಿಟ್ಟು ಇಡೀ ದೇಶಕ್ಕೆ ಒಂದೇ ಬಾಲ ನ್ಯಾಯ ಕಾಯ್ದೆ ಬಂದದ್ದು 1986ರಲ್ಲಿ. ಆಗ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷದ ಗೆರೆ. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. ‘ಬಾಲಾಪರಾಧಿ’ ಹೋಗಿ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಬಾಲಕ’ ಬಂದ. ಬಾಯಿಗೆ ಉದ್ದವಾಯಿತು ನಿಜ, ಆದರೂ ಹಣೆಪಟ್ಟಿಗಿಂತ ವಾಸಿ. ಊರಲ್ಲಿ ಮಾತ್ರ ಇವತ್ತಿಗೂ ‘ರಿಮ್ಯಾಂಡ್ ಹೋಮಿಗೆ ಹಾಕಿಸ್ತೀನಿ ನೋಡು’ ಅಂತಲೇ ಹೆದರಿಸುವುದು.

ಮೃದುವಾಗುತ್ತಾ ಬಂದ ದಾರಿ 2012ರ ದೆಹಲಿ ಅತ್ಯಾಚಾರದ ನಂತರ ತಿರುಗಿತು. ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಲು ಕೆಲವೇ ತಿಂಗಳು ಬಾಕಿಯಿತ್ತು. ಅವನಿಗಾದದ್ದು ತಪ್ಪು ಮಾಡಿದ ಮಕ್ಕಳನ್ನಿಡುವ ವಿಶೇಷ ಗೃಹದಲ್ಲಿ 3 ವರ್ಷ. 2015ರ ಡಿಸೆಂಬರಿನಲ್ಲಿ ಅವನು ಹೊರಬಂದ ಎರಡೇ ದಿನಕ್ಕೆ ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ, ಕನಿಷ್ಠ 7 ವರ್ಷ ಶಿಕ್ಷೆಯಿರುವ ಘೋರ ಅಪರಾಧದಲ್ಲಿ 16ರಿಂದ 18ರ ನಡುವಿನವರನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸಬಹುದೇ ಎಂದು ಬಾಲ ನ್ಯಾಯ ಮಂಡಳಿ ಮೊದಲು ಅಳೆದು ನೋಡಬೇಕು. ಮ್ಯಾಜಿಸ್ಟ್ರೇಟ್ ಒಬ್ಬರು, ಸಮಾಜ ಕಾರ್ಯಕರ್ತರು ಇಬ್ಬರು, ಮುಂದೆ ಕೂತ ಹುಡುಗನ ಮನಸ್ಸು ಅವತ್ತು ಎಷ್ಟು ಬಲಿತಿತ್ತು ಎಂದು ಹೇಳಬೇಕು. ನನಗೆ ಇದು ನ್ಯಾಯಕ್ಕಿಂತ ಸಿಟ್ಟಿನಲ್ಲಿ ಬರೆದ ಸಾಲು ಅನ್ನಿಸುತ್ತದೆ.

ಶಿವಮೊಗ್ಗದ ಮನೆಗಳಿಗೆ ಹೆಚ್ಚು ತಟ್ಟಿದ್ದು ಇದಲ್ಲ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ. 18 ತುಂಬದ ಮಗ ಬೈಕ್ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲೂ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತನಗೆ ಗೊತ್ತಿರಲಿಲ್ಲ ಎಂದು ತೋರಿಸುವ ಹೊಣೆ ಅಪ್ಪನದೇ. ಬರಲು ಹಿಡಿದು ಬರುತ್ತಿದ್ದ ಅಪ್ಪನೇ ಈಗ ಕಟಕಟೆಯಲ್ಲಿ.

‘ಓಡ್ಸಬೇಡ ಅಂತ ಹೇಳಿದ್ದೆ ಸ್ವಾಮಿ’ ಅನ್ನುವುದು ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಹೈಸ್ಕೂಲು ಏಳೆಂಟು ಕಿಲೋಮೀಟರ್ ದೂರ, ಬೆಳಗಿನ ಬಸ್ಸು ಒಂದೇ. ಮಳೆಗಾಲದಲ್ಲಿ ಅದೂ ತಪ್ಪಿದ ದಿನ ಬೈಕಿನ ಕೀಲಿ ಜಗುಲಿಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ.