ಟೆರೇಸ್ ಅಂದ್ರೆ ಅಲ್ಲಿ ಮಾಳಿಗೆ ಅಲ್ಲ

‘ಸಂರಕ್ಷಿತ ವಿಕ್ಟೋರಿಯನ್ ತಾರಸಿ’ ಅಂತ ಮತ್ತೊಂದು ಬರಹದಲ್ಲಿ ಓದಿದೆ. ಇಂಗ್ಲೆಂಡಿನ ಮನೆಗಳ ಬಗ್ಗೆ ಬರೆಯುವವರಲ್ಲಿ ‘ಟೆರೇಸ್’ ಅನ್ನು ತಾರಸಿ ಮಾಡಿಬಿಡುವ ಈ ತಪ್ಪು ಈಚೆಗೆ ಜಾಸ್ತಿಯಾಗಿದೆ. ಓದಲು ಲೀಡ್ಸ್‌ಗೆ ಹೋದ ಹುಡುಗಿ ‘ಟೆರೇಸ್ ಮನೆ ಸಿಕ್ತು’ ಅಂದರೆ, ‘ಬಟ್ಟೆ ಒಣಗಿಸೋಕೆ ಚಿಂತೆಯಿಲ್ಲ ಬಿಡು’ ಅನ್ನುತ್ತಾರೆ ಇಲ್ಲಿಯವರು. ಆ ಮನೆಗಿರುವುದು ಇಳಿಜಾರು ಸ್ಲೇಟ್ ಛಾವಣಿ. ಹಪ್ಪಳ ಹಾಕಿದರೆ ಸೀದಾ ರಸ್ತೆಗೆ ಬೀಳುತ್ತದೆ.

ಅಲ್ಲಿ ಟೆರೇಸ್ ಅಂದರೆ ಗೋಡೆ ಹಂಚಿಕೊಂಡು ನಿಂತ ಮನೆಗಳ ಇಡೀ ಸಾಲು. ಪದದ ಬೇರು ಲ್ಯಾಟಿನ್ನಿನ ‘ಟೆರ್ರಾ’, ಅಂದರೆ ಮಣ್ಣು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಾಗ ಅದು ಏರಿಸಿ ಮಟ್ಟ ಮಾಡಿದ ನೆಲವಾಗಿತ್ತು. ಗುಡ್ಡದ ಮೆಟ್ಟಿಲು ಗದ್ದೆಗೆ ಟೆರೇಸ್ ಅನ್ನುವುದೂ ಇದಕ್ಕೇ. ಅಂಥ ಎತ್ತರದ ಮೇಲಿನ ಮನೆಸಾಲಿಗೂ ಅದೇ ಹೆಸರು ಅಂಟಿತು. ಲಂಡನ್ನಿನಲ್ಲಿ ವಾಸ್ತುಶಿಲ್ಪಿಗಳಾದ ಆಡಮ್ ಸಹೋದರರು 1768ರಲ್ಲಿ ಶುರುಮಾಡಿದ ಅಡೆಲ್ಫಿ ಟೆರೇಸ್ ಎಂಬ ಮನೆಸಾಲು ನಿಂತಿದ್ದು ಥೇಮ್ಸ್ ದಡದ ಕಮಾನುಗಳ ಮೇಲೆ. ವಿಕ್ಟೋರಿಯಾ ಕಾಲಕ್ಕೆ ಎತ್ತರ ಇರಲಿ ಬಿಡಲಿ, ಸಾಲಿದ್ದರೆ ಸಾಕಾಯಿತು. ನಮ್ಮಲ್ಲಿ ಮಾತ್ರ ಪದ ಮನೆಯ ತಲೆ ಹತ್ತಿ ಕೂತಿತು. ಮರದ ತೊಲೆ, ಇಟ್ಟಿಗೆ, ಸುಣ್ಣದ ಗಾರೆಯ ಮದ್ರಾಸ್ ಟೆರೇಸ್ ಛಾವಣಿ ಹಳೇ ಬೆಂಗಳೂರಿನವರಿಗೆ ಗೊತ್ತೇ ಇದೆ. ಎರಡೂ ಅರ್ಥ ಸರಿ. ಕಲಸಬೇಡಿ, ಅಷ್ಟೇ.

‘ವಠಾರ’ ಅನ್ನುವವರೂ ಇದ್ದಾರೆ. ಅದೂ ಅಲ್ಲ. ವಠಾರಕ್ಕೆ ಒಬ್ಬ ಮಾಲೀಕ, ಎಲ್ಲರಿಗೂ ಒಂದೇ ಅಂಗಳ. ಟೆರೇಸಿನ ಪ್ರತಿ ಮನೆಗೂ ರಸ್ತೆಗೆ ತೆರೆಯುವ ಸ್ವಂತ ಬಾಗಿಲು, ಬಹುತೇಕ ಕಡೆ ಹಿಂದೊಂದು ಪುಟ್ಟ ಹಿತ್ತಲು. ಅಗ್ರಹಾರದ ‘ಸಾಲುಮನೆ’ಯೇ ಹತ್ತಿರದ ಮಾತು. ಇಷ್ಟು ಒಳ್ಳೆ ಪದ ಇಟ್ಕೊಂಡು ತಾರಸಿ ಯಾಕೆ?

ಯಾರ್ಕ್‌ಷೈರ್‌ನ ಸಾಲ್ಟೇರ್ ನೋಡಿ. ಟೈಟಸ್ ಸಾಲ್ಟ್ ತನ್ನ ಉಣ್ಣೆ ಗಿರಣಿಯನ್ನು 1853ರಲ್ಲಿ ಶುರುಮಾಡಿ, ಪಕ್ಕದಲ್ಲೇ ಕೆಲಸಗಾರರಿಗೆ ಕಲ್ಲಿನ ಸಾಲುಗಳನ್ನು ಕಟ್ಟಿಸಿದ. 2001ರಿಂದ ಆ ಊರು ವಿಶ್ವ ಪರಂಪರೆಯ ತಾಣ. ಅಲ್ಲಿ ಆಲ್ಬರ್ಟ್ ಟೆರೇಸ್ ಅಂತ ಬೀದಿಯೇ ಇದೆ. ಅದನ್ನೂ ತಾರಸಿ ಅನ್ನೋದಾ? ಕೆಲವು ಸಾಲುಗಳ ತುದಿ ಮನೆಗಳು ಮೂರಂತಸ್ತು, ನಡುವಿನವು ಗಿಡ್ಡ. ಒಂದೇ ಮನೆಯ ಫೋಟೋ ತೆಗೆದರೆ ಈ ಏರಿಳಿತ ಕಾಣುವುದೇ ಇಲ್ಲ.

ಚಿಮಣಿಯೂ ಹಾಗೆಯೇ, ಒಂದೇ ಮನೆ ನೋಡಿದರೆ ಅರ್ಥವಾಗದು. ವಿಕ್ಟೋರಿಯನ್ ಸಾಲುಗಳಲ್ಲಿ ಸಾಮಾನ್ಯವಾಗಿ ಗೋಡೆಯ ಈಚೆ ನಿಮ್ಮ ಬೆಂಕಿಗೂಡು, ಆಚೆ ಪಕ್ಕದವರದು. ಎರಡರ ಹೊಗೆಯೂ ಆ ಗೋಡೆಯೊಳಗಿನ ಬೇರೆ ಬೇರೆ ಕಿಂಡಿಗಳಲ್ಲಿ ಏರಿ ಛಾವಣಿ ಮೇಲಿನ ಒಂದೇ ಕಂಬಕ್ಕೆ ಬರುತ್ತದೆ. ಕಂಬದ ತಲೆಯಲ್ಲಿ ಸುಟ್ಟಮಣ್ಣಿನ ಕೊಳವೆಗಳು, ಹೆಚ್ಚುಕಡಿಮೆ ಒಂದು ಗೂಡಿಗೆ ಒಂದರಂತೆ. ರಸ್ತೆಯಲ್ಲಿ ನಿಂತು ಎಣಿಸಿದರೆ ಒಳಗೆಷ್ಟು ಕೋಣೆಗೆ ಬೆಂಕಿಯಿತ್ತು ಅಂತ ಅಂದಾಜು ಸಿಗುತ್ತದೆ. ಮೇಲೆ ಕೆಳಗೆ ಜಾರುವ ಕಿಟಕಿಯಲ್ಲೂ ಕಣ್ಣಿಗೆ ಬೀಳದ ಕೆಲಸವಿದೆ: ಕಿಟಕಿಯ ಭಾರ ಸರಿದೂಗಿಸಲು ಚೌಕಟ್ಟಿನೊಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೂಕ, ರಾಟೆ.

ಇನ್ನು ‘ಸಂರಕ್ಷಿತ’. ಮುಂಗೋಡೆ ಉಳಿಸಿ ಒಳಗೆ ಏನು ಬೇಕಾದರೂ ಮಾಡಬಹುದು ಅಂತ ಸುಮ್ನೆ ಬರೆಯುತ್ತಾರೆ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿಗೆ ಸೇರಿದ ಕಟ್ಟಡದ ಒಳಭಾಗಕ್ಕೂ ರಕ್ಷಣೆ ಇದೆ, ಕೆಳಗಿನ ದರ್ಜೆಯಾದ ‘ಗ್ರೇಡ್ 2’ರಲ್ಲೂ. ಮರದ ಕಿಟಕಿ ಕಿತ್ತು ಪ್ಲಾಸ್ಟಿಕ್ಕಿನದು ಕೂರಿಸಬೇಕಾದರೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಕಟ್ಟಡದ ಸ್ವರೂಪ ಕೆಡಿಸುವ ಕೆಲಸವನ್ನು ಒಪ್ಪಿಗೆಯಿಲ್ಲದೆ ಮಾಡಿದರೆ ಅದು ಕ್ರಿಮಿನಲ್ ಅಪರಾಧ.