ಕಡತ ಮನೆಗೆ ಹೋಯಿತು, ಹಾಜರಿ ಕಚೇರಿಯಲ್ಲೇ ಉಳಿಯಿತು

ವಿಶ್ವವಿದ್ಯಾಲಯದಲ್ಲಿ ದುಡಿಯುವವರ ಸಮಯವನ್ನು ಅಳೆಯುವ ಕ್ರಮ ಎಂದೂ ಒಂದೇ ಆಗಿರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪೂರ್ಣಾವಧಿ ಅಧ್ಯಾಪಕರ ಕಾರ್ಯಭಾರ ವಾರಕ್ಕೆ 40 ಗಂಟೆಗಿಂತ ಕಡಿಮೆ ಇರುವಂತಿಲ್ಲ. ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. ಆದರೆ ಅವರು ಆವರಣದಲ್ಲಿ ಲಭ್ಯರಿರಬೇಕಾದದ್ದು ದಿನಕ್ಕೆ ಕನಿಷ್ಠ 5 ಗಂಟೆ. ವಾರಕ್ಕೆ ಆರು ದಿನವೆಂದು ಹಿಡಿದರೂ 30 ಗಂಟೆಯಾಯಿತು. ಉಳಿದ 10 ಗಂಟೆಯನ್ನು ಅಧ್ಯಾಪಕರು ಮನೆಯ ಮೇಜಿನ ಮುಂದೆ ಕಳೆದರೋ ಗ್ರಂಥಾಲಯದಲ್ಲೋ ಎಂದು ನಿಯಮ ಕೇಳುವುದಿಲ್ಲ. ಅದೇ ಕಟ್ಟಡದ ಕೆಳಮಹಡಿಯಲ್ಲಿ ಕುಳಿತು ಕಡತ ನೋಡಿಕೊಳ್ಳುವ ಗುಮಾಸ್ತರಿಗೆ, ಅಂದರೆ ವಿಷಯ ನಿರ್ವಾಹಕರಿಗೆ ಮಾತ್ರ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗಿನ ಕಚೇರಿ ವೇಳೆ, ಹಾಜರಿ ಪುಸ್ತಕ, ಹೊರಗೆ ಹೋಗಬೇಕಾದರೆ ಚಲನವಲನ ವಹಿ.

ಕೆಲವು ದಿನ ಕಚೇರಿಯಿಂದ, ಕೆಲವು ದಿನ ಮನೆಯಿಂದ ದುಡಿಯುವ ಹೈಬ್ರಿಡ್ ಕೆಲಸ ಎಂಬ ಮಾತು ನಮ್ಮಲ್ಲಿ 2020ರ ನಂತರ ಚಾಲ್ತಿಗೆ ಬಂದದ್ದು ನಿಜ. ಆದರೆ ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ಆ ಮಾತಿನ ಸುತ್ತ ಈಗ ಕಾಣುವ ಅಸಮಾಧಾನ ಅರ್ಥವಾಗಬೇಕಾದರೆ ಕೊರೋನಾದಿಂದ ಆರಂಭಿಸಿದರೆ ಸಾಲದು. ಒಬ್ಬರನ್ನು ನಂಬಿ ಮನೆಗೆ ಬಿಡುವ, ಇನ್ನೊಬ್ಬರನ್ನು ಕಣ್ಣೆದುರು ಕೂರಿಸಿಕೊಳ್ಳುವ ಹಳೆಯ ವ್ಯವಸ್ಥೆಯಿಂದ ಆರಂಭಿಸಬೇಕು.

ದೂರದಿಂದ ಕೆಲಸ ಮಾಡುವ ಆಲೋಚನೆಗೆ ಮೊದಲು ಹೆಸರು ಸಿಕ್ಕಿದ್ದೂ ಒಂದು ವಿಶ್ವವಿದ್ಯಾಲಯದಲ್ಲೇ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜ್ಯಾಕ್ ನಿಲ್ಸ್ 1973ರಲ್ಲಿ 'ಟೆಲಿಕಮ್ಯೂಟಿಂಗ್' ಎಂಬ ಪದವನ್ನು ಬಳಕೆಗೆ ತಂದರು. ಲಾಸ್ ಏಂಜಲೀಸಿನ ರಸ್ತೆಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದ ವಾಹನಗಳೇ ಅವರ ಚಿಂತನೆಗೆ ಪ್ರೇರಣೆ. ಜನರನ್ನು ಕೆಲಸದ ಬಳಿಗೆ ಸಾಗಿಸುವ ಬದಲು ಕೆಲಸವನ್ನೇ ಜನರ ಬಳಿಗೆ ಏಕೆ ಕಳುಹಿಸಬಾರದು ಎಂಬುದು ಅವರ ಪ್ರಶ್ನೆಯಾಗಿತ್ತು. ಅದನ್ನು ಬೇರೊಂದು ಬಗೆಯಲ್ಲಿ ಕಾರ್ಯರೂಪಕ್ಕೆ ತಂದ ಊರು ಬೆಂಗಳೂರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದು ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದೊಡನೆ ವಿನ್ಯಾಸದ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳತೊಡಗಿದಾಗಲೇ, ಕೆಲಸ ಕೊಡುವವರು ಒಂದು ಕಡೆ, ಮಾಡುವವರು ಇನ್ನೊಂದು ಕಡೆ ಇರಬಹುದೆಂಬುದು ಈ ಊರಿಗೆ ಗೊತ್ತಾಗಿತ್ತು. ಆ ತಿಳಿವಳಿಕೆ ಐಟಿ ಕಂಪನಿಗಳ ಗೋಡೆ ದಾಟಿ ವಿಶ್ವವಿದ್ಯಾಲಯದ ಕಚೇರಿಗೆ ಬರಲು ಮೂರೂವರೆ ದಶಕ ಹಿಡಿಯಿತು.

ಬೆಂಗಳೂರು ವಿಶ್ವವಿದ್ಯಾಲಯದ ಕಥೆಯಲ್ಲಿ ದೂರದ ಸಮಸ್ಯೆ ಬಹಳ ಹಿಂದಿನಿಂದಲೂ ಇದೆ. ಸೆಂಟ್ರಲ್ ಕಾಲೇಜು ಮತ್ತು ಎಂಜಿನಿಯರಿಂಗ್ ಕಾಲೇಜಾದ ಯುವಿಸಿಇಗಳನ್ನು ಕೂಡಿಸಿಕೊಂಡು 1964ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯ ನಗರದ ನಡುವೆ, ಮೆಜೆಸ್ಟಿಕ್ಕಿನಿಂದ ಕೂಗಳತೆಯಲ್ಲಿತ್ತು. 1973ರಲ್ಲಿ ಅದು ಮೈಸೂರು ರಸ್ತೆಯ ಕಡೆಗೆ, ಸುಮಾರು 1,100 ಎಕರೆಯ ಜ್ಞಾನಭಾರತಿ ಆವರಣಕ್ಕೆ ಹೊರಳತೊಡಗಿತು. ಅಂದಿನ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಬದುಕಿನ ಬಹುಭಾಗವನ್ನು ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಕಳೆದವರು. ಮನೆ ಎಲ್ಲಿ ಮುಗಿದು ಕೆಲಸ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಯೇ ಅವರಂಥವರಿಗೆ ಇರಲಿಲ್ಲ. ಎಲ್ಲರೂ ಹಾಗೆ ಬದುಕಲಾರರು, ಬದುಕಬೇಕೆಂದು ಬಯಸುವುದೂ ನ್ಯಾಯವಲ್ಲ. ಆವರಣದ ವಸತಿಗೃಹ ಸಿಕ್ಕವರಿಗೆ ಜ್ಞಾನಭಾರತಿ ನಡೆದು ಹೋಗುವ ದೂರ, ಸಿಗದವರಿಗೆ ಎರಡು ಬಸ್ಸುಗಳ ದಾರಿ. 2021ರ ಆಗಸ್ಟ್‌ನಲ್ಲಿ ಮೆಟ್ರೊ ನೇರಳೆ ಮಾರ್ಗ ಕೆಂಗೇರಿಯವರೆಗೆ ಚಾಚಿ 'ಜ್ಞಾನಭಾರತಿ' ಹೆಸರಿನ ನಿಲ್ದಾಣವೇ ತೆರೆಯಿತು. ಆದರೂ 1,100 ಎಕರೆಯ ಆವರಣವೆಂದ ಮೇಲೆ ನಿಲ್ದಾಣದಿಂದ ವಿಭಾಗಕ್ಕೆ ಇರುವ ಹಾದಿ ಸಣ್ಣದೇನಲ್ಲ.

600ಕ್ಕೂ ಹೆಚ್ಚು ಸಂಯೋಜಿತ ಕಾಲೇಜುಗಳ ಭಾರದಿಂದ ಕುಸಿಯುತ್ತಿದ್ದ ವಿಶ್ವವಿದ್ಯಾಲಯವನ್ನು ವಿಭಜಿಸಿ 2017ರಲ್ಲಿ ಬೆಂಗಳೂರು ಕೇಂದ್ರ ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಗಳನ್ನು ಕಾರ್ಯಾರಂಭಗೊಳಿಸಲಾಯಿತು. ಅದಕ್ಕೆ ಮೊದಲು, ಅಂಕಪಟ್ಟಿಯ ಒಂದು ಅಕ್ಷರದೋಷ ತಿದ್ದಿಸಬೇಕಾದರೂ ಕೋಲಾರದ ಹಳ್ಳಿಯ ವಿದ್ಯಾರ್ಥಿ ಬೆಂಗಳೂರಿನ ಕಿಟಕಿಯ ಮುಂದೆಯೇ ನಿಲ್ಲಬೇಕಿತ್ತು. ಕಿಟಕಿಯ ಹೊರಗೆ ಸರದಿ ಇದ್ದಷ್ಟು ಕಾಲ ಒಳಗೆ ಒಬ್ಬರು ಕುಳಿತಿರಲೇಬೇಕು. ಕಚೇರಿಯ ಸಂಸ್ಕೃತಿ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಈ ಕಿಟಕಿಯಿಂದಲೇ ಹುಟ್ಟಿದ್ದು.

ಕಂಪ್ಯೂಟರ್ ಬಂದ ಮೇಲೂ ಕಿಟಕಿ ಮುಚ್ಚಲಿಲ್ಲ. 1986ರಲ್ಲಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಕಂಪ್ಯೂಟರುಗಳನ್ನು ಜೋಡಿಸುವ ಅರ್ನೆಟ್ ಜಾಲ ಆರಂಭವಾದಾಗ ಅದರಲ್ಲಿ ಭಾಗಿಯಾದ ಎಂಟು ಸಂಸ್ಥೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು. ದೇಶಕ್ಕೆ ಇಮೇಲ್ ಪರಿಚಯವಾದದ್ದು ಹೀಗೆ ವಿದ್ಯಾಸಂಸ್ಥೆಗಳ ಮೂಲಕ. ಆದರೂ ಅದು ಸಂಶೋಧಕರ ಸಾಧನವಾಯಿತೇ ಹೊರತು ಆಡಳಿತದ ಸಾಧನವಾಗಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಡಿಜಿಟಲ್ ಮೌಲ್ಯಮಾಪನ. ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಅಂಕ ಕೊಡುವ ಪದ್ಧತಿಯನ್ನು ಅದು ಕೊರೋನಾಕ್ಕೆ ಎಷ್ಟೋ ವರ್ಷ ಮೊದಲೇ ತಂದಿತು. ಪತ್ರಿಕೆ ತಂತಿಯ ಮೇಲೆ ಹರಿದು ಬಂದರೂ ಅದನ್ನು ತಿದ್ದುವ ಅಧ್ಯಾಪಕರು ಮಾತ್ರ ನಿಗದಿತ ಮೌಲ್ಯಮಾಪನ ಕೇಂದ್ರಕ್ಕೆ ಹೋಗಿ ಅಲ್ಲಿನ ಯಂತ್ರದ ಮುಂದೆಯೇ ಕೂರಬೇಕಿತ್ತು. ಗೋಪ್ಯತೆಯ ದೃಷ್ಟಿಯಿಂದ ಅದಕ್ಕೆ ಸಕಾರಣವಿತ್ತು. ಆದರೆ ಕೆಲಸ ಡಿಜಿಟಲ್ ಆದ ಮಾತ್ರಕ್ಕೆ ಕೆಲಸಗಾರ ಎಲ್ಲಿ ಬೇಕಾದರೂ ಇರಬಹುದು ಎಂಬ ಸರಳ ಸಮೀಕರಣ ವಿಶ್ವವಿದ್ಯಾಲಯದಲ್ಲಿ ನಡೆಯುವುದಿಲ್ಲ ಎಂಬುದನ್ನು ಆ ಕೇಂದ್ರಗಳು ಮೊದಲೇ ತೋರಿಸಿದ್ದವು.

ನಂತರ 2020ರ ಮಾರ್ಚ್ ಬಂತು. ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ ಬೆನ್ನಲ್ಲೇ ರಾಜ್ಯ ಸರ್ಕಾರ ವಿಶ್ವವಿದ್ಯಾಲಯಗಳನ್ನೂ ಒಳಗೊಂಡಂತೆ ಬಹಳಷ್ಟನ್ನು ಮಾರ್ಚ್ 14ರಿಂದ ಒಂದು ವಾರದ ಮಟ್ಟಿಗೆ ಮುಚ್ಚಿಸಿತು. ಆ ಒಂದು ವಾರ ಮುಗಿಯಲೇ ಇಲ್ಲ. 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಪದವಿ ಕಾಲೇಜುಗಳ ಬಾಗಿಲು ನವೆಂಬರ್ 17ರಂದು ತೆರೆದರೂ 2021ರ ಏಪ್ರಿಲ್ ಕೊನೆಯ ವಾರ ಎರಡನೆಯ ಅಲೆ ಮತ್ತೆ ಎಲ್ಲವನ್ನೂ ನಿಲ್ಲಿಸಿತು.

ಅಧ್ಯಾಪಕರ ಆನ್‌ಲೈನ್ ತರಗತಿಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಅದೇ ಕಾಲದಲ್ಲಿ ಕಚೇರಿಯವರು ಹೇಗೆ ಕೆಲಸ ಮಾಡಿದರು ಎಂಬುದರ ಬಗ್ಗೆ ಬರೆದದ್ದು ಕಡಿಮೆ. ವಿಶ್ವವಿದ್ಯಾಲಯದ ಕಡತಕ್ಕೆ ಒಂದು ನಡಿಗೆ ಇದೆ: ಟಪಾಲಿನಲ್ಲಿ ಬಂದ ಅರ್ಜಿಗೆ ವಿಷಯ ನಿರ್ವಾಹಕರು ಟಿಪ್ಪಣಿ ಬರೆಯುತ್ತಾರೆ, ಅಧೀಕ್ಷಕರು ಪರಿಶೀಲಿಸುತ್ತಾರೆ, ಅದು ಸಹಾಯಕ ಕುಲಸಚಿವರು, ಉಪ ಕುಲಸಚಿವರ ಮೇಜು ಹಾಯ್ದು ಕುಲಸಚಿವರನ್ನು ತಲುಪುತ್ತದೆ, ಹಣದ ಮಾತಿದ್ದರೆ ಹಣಕಾಸು ಅಧಿಕಾರಿಯ ಕಡೆಗೆ ತಿರುಗುತ್ತದೆ. ಈ ನಡಿಗೆಯನ್ನು ಹೊತ್ತು ಸಾಗಿಸುತ್ತಿದ್ದವರು ಅಟೆಂಡರುಗಳು. ಮನೆಯಲ್ಲಿ ಕುಳಿತಾಗ ಕಡತಗಳ ಜಾಗಕ್ಕೆ ವಾಟ್ಸ್‌ಆ್ಯಪ್ ಬಂತು. ಟಿಪ್ಪಣಿಯ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸುವುದು, ಅಧಿಕಾರಿ 'ಸರಿ' ಎಂದು ಬರೆದ ಒಂದೇ ಪದವನ್ನು ಅನುಮೋದನೆಯೆಂದು ಹಿಡಿಯುವುದು, ಕಚೇರಿ ತೆರೆದ ಮೇಲೆ ಮೂಲಪ್ರತಿಗೆ ಸಹಿ ಮಾಡಿಸಿಕೊಳ್ಳುವುದು, ಇಂಥ ಕಂಡುಕೊಂಡ ದಾರಿಗಳಿಂದಲೇ ಸಂಬಳದ ಬಿಲ್ಲುಗಳು ಹೋದವು, ವರ್ಗಾವಣೆ ಪತ್ರಗಳು ಹೊರಟವು. ಯಾವ ನಿಯಮವೂ ಇದನ್ನು ಹೇಳಿಕೊಟ್ಟಿರಲಿಲ್ಲ. ಗುಮಾಸ್ತರನ್ನು ಕಣ್ಣೆದುರು ಕೂರಿಸದಿದ್ದರೆ ಕೆಲಸವಾಗದು ಎಂದು ನಂಬಿದ್ದ ವ್ಯವಸ್ಥೆಯನ್ನು, ಕಣ್ಣಿಗೆ ಕಾಣದ ಗುಮಾಸ್ತರೇ ತಿಂಗಳುಗಟ್ಟಲೆ ನಡೆಸಿದರು. ಆ ತಿಂಗಳುಗಳ ಅನುಭವ ಯಾವ ವಾರ್ಷಿಕ ವರದಿಯಲ್ಲೂ ದಾಖಲೆಯಾಗದೆ ಕರಗುತ್ತಿರುವುದು ನನಗೆ ನೋವಿನ ಸಂಗತಿ.

ಎರಡನೆಯ ಅಲೆ ಇಳಿಯುವ ಹೊತ್ತಿಗೆ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. 2021ರ ಮೇ ತಿಂಗಳಲ್ಲಿ ಯುಜಿಸಿ ಪ್ರಕಟಿಸಿದ, ತರಗತಿ ಮತ್ತು ಆನ್‌ಲೈನ್ ಬೋಧನೆಗಳನ್ನು ಬೆರೆಸುವ ಸಂಯೋಜಿತ (ಬ್ಲೆಂಡೆಡ್) ಕಲಿಕೆಯ ಪರಿಕಲ್ಪನಾ ಟಿಪ್ಪಣಿಯು ಪ್ರತಿ ಕೋರ್ಸಿನ ಶೇ 40ರಷ್ಟನ್ನು ಆನ್‌ಲೈನಿನಲ್ಲಿ ಬೋಧಿಸಬಹುದೆಂದಿತು. ಹಾಗೆ ಅಧ್ಯಾಪಕರ ಹಳೆಯ ಸ್ವಾತಂತ್ರ್ಯಕ್ಕೆ ಹೊಸ ಸಮರ್ಥನೆ ಸಿಕ್ಕಿತು. ಇತ್ತ 2021–22ರ ಸಾಲಿನಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಫಲಿತಾಂಶಗಳೆಲ್ಲ ಯುಯುಸಿಎಂಎಸ್ (ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ) ಎಂಬ ಒಂದೇ ತಂತ್ರಾಂಶದೊಳಕ್ಕೆ ಬರತೊಡಗಿದವು. ಕಿಟಕಿ ಈಗ ಲಾಗಿನ್ ಆಯಿತು. ಕೆಲಸ ಕೋಣೆಯನ್ನು ಬಿಟ್ಟು ಹೋದರೂ, ಆ ಕೆಲಸ ಮಾಡುವವರನ್ನು ಕೋಣೆಗೆ ಮರಳಿ ಕರೆಸಲಾಯಿತು, ಎಷ್ಟೋ ಕಡೆ ಹಾಜರಿ ಪುಸ್ತಕದ ಜೊತೆಗೆ ಬೆರಳಚ್ಚಿನ ಯಂತ್ರವೂ ಸೇರಿತು.

ಪರೀಕ್ಷಾ ವಿಭಾಗದವರ ಪರ ಒಂದು ಮಾತು ಹೇಳಲೇಬೇಕು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಹಳೆಯ ಪದ್ಧತಿಯ ಪುನರಾವರ್ತಿತ ಅಭ್ಯರ್ಥಿಗಳು ಇದ್ದೇ ಇದ್ದರು. ಮೂರು ಪಠ್ಯಕ್ರಮಗಳ ಪರೀಕ್ಷೆಯನ್ನು ಏಕಕಾಲಕ್ಕೆ ನಡೆಸುವವರಿಗೆ ಪಕ್ಕದ ಮೇಜಿನವರನ್ನು ಕರೆದು ಕೇಳುವ ಅನುಕೂಲ ಬೇಕೇ ಬೇಕು. ಪ್ರಶ್ನೆಪತ್ರಿಕೆಯ ಗೋಪ್ಯತೆ, ಪದವಿ ಪ್ರಮಾಣಪತ್ರಗಳ ಭದ್ರತೆ ಇವೆಲ್ಲ ಮನೆಯ ಊಟದ ಮೇಜಿನ ಮೇಲೆ ಆಗುವ ಕೆಲಸಗಳಲ್ಲ.

ಹೊಸದಾಗಿ ಸೇರಿದ ದ್ವಿತೀಯ ದರ್ಜೆ ಸಹಾಯಕರೊಬ್ಬರು ಟಿಪ್ಪಣಿ ಬರೆಯುವುದನ್ನು ಕಲಿಯುವುದು ಕೈಪಿಡಿಯಿಂದಲ್ಲ. ಹಿರಿಯ ಅಧೀಕ್ಷಕರು ಬರೆದ ಹಳೆಯ ಕಡತ ಓದಿ, 'ಇಲ್ಲಿ ಸಿಂಡಿಕೇಟ್ ನಿರ್ಣಯದ ದಿನಾಂಕ ಹಾಕಬೇಕಮ್ಮ' ಎಂದು (ಸಿಂಡಿಕೇಟ್ ಎಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಅವರು ತೋರಿಸಿದ್ದನ್ನು ನೋಡಿ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಾವ ವಿಭಾಗದ ಕಡತ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಕೇಳಿ ಕಲಿಯುತ್ತಾರೆ. ಮೈಕ್ರೋಸಾಫ್ಟ್‌ನ 61 ಸಾವಿರಕ್ಕೂ ಹೆಚ್ಚು ನೌಕರರ ಸಂಪರ್ಕಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ, ಎಲ್ಲರೂ ದೂರದಿಂದ ಕೆಲಸ ಮಾಡಿದಾಗ ಬೇರೆ ಬೇರೆ ಗುಂಪುಗಳ ನಡುವಿನ ಒಡನಾಟ ಕುಗ್ಗುತ್ತದೆ ಎಂದು ತೋರಿಸಿತು. ಹಾಗೆಂದು ಐದೂ ದಿನ ಬರಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಟ್ರಿಪ್.ಕಾಮ್ ಕಂಪನಿಯ 1,612 ನೌಕರರ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಕಾರ್ಯಕ್ಷಮತೆ ಕುಗ್ಗಲಿಲ್ಲ, ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗದಷ್ಟು ಇಳಿಯಿತು. ಹೆಚ್ಚು ಲಾಭವಾದದ್ದು ಮಹಿಳೆಯರಿಗೆ, ಮೇಲ್ವಿಚಾರಕರಲ್ಲದವರಿಗೆ, ದೂರದಿಂದ ಬರುವವರಿಗೆ. ನಮ್ಮ ವಿಶ್ವವಿದ್ಯಾಲಯಗಳ ಕಚೇರಿಗಳಲ್ಲಿ ಮನೆಯಿಂದ ಕೆಲಸದ ಅವಕಾಶ ಸಿಗದಿರುವುದೂ ಹೆಚ್ಚಾಗಿ ಈ ಮೂರು ಬಗೆಯವರಿಗೇ.

2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆ ಮಹಿಳೆಯರ ಬಸ್ ಖರ್ಚನ್ನು ಇಳಿಸಿದೆ, ನಿಜ. ದಾರಿಯಲ್ಲಿ ಕಳೆಯುವ ಎರಡು ಮೂರು ಗಂಟೆಯನ್ನು ಅದು ಇಳಿಸಲಾರದು. ಇದೇ ಊರಿನಲ್ಲಿ ಕಚೇರಿಗಳಿರುವ ಕಂಪನಿಗಳ ಪೈಕಿ ವಿಪ್ರೊ 2023ರ ನವೆಂಬರ್‌ನಿಂದ ವಾರಕ್ಕೆ ಮೂರು ದಿನದ ಹಾಜರಿಯನ್ನು ಕಡ್ಡಾಯಗೊಳಿಸಿದರೆ, ಟಿಸಿಎಸ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ಐದೂ ದಿನಕ್ಕೆ ಮರಳಿತು. ಒಪ್ಪಲಿ ಬಿಡಲಿ, ಅಲ್ಲಿ ಒಂದು ನೀತಿ ಇದೆ, ಅದರ ಬಗ್ಗೆ ವಾದ ಮಾಡಬಹುದು.

ನಮ್ಮಲ್ಲಿ ವಾದ ಮಾಡಲು ಪದವೇ ಇಲ್ಲ. 1958ರ ಕರ್ನಾಟಕ ನಾಗರಿಕ ಸೇವಾ ನಿಯಮಗಳ ಭಾಷೆಯಲ್ಲಿ ಸಾಂದರ್ಭಿಕ ರಜೆ ಇದೆ, ಗಳಿಕೆ ರಜೆ ಇದೆ, ರೂಢಿಯಲ್ಲಿ ಓಓಡಿ ಎನ್ನುವ ಅನ್ಯಕಾರ್ಯ ನಿಮಿತ್ತದ ಅನುಮತಿ ಇದೆ. ಅಧ್ಯಾಪಕರು ವಿಚಾರ ಸಂಕಿರಣಕ್ಕೋ ಮೌಲ್ಯಮಾಪನಕ್ಕೋ ಹೋದಾಗ ಓಓಡಿ ಸಿಗುತ್ತದೆ, ಏಕೆಂದರೆ ಬೇರೆ ಕಡೆ ಇದ್ದೂ ಕರ್ತವ್ಯದಲ್ಲಿದ್ದಾರೆ ಎಂದು ಅದು ಒಪ್ಪುತ್ತದೆ. ಹೈಬ್ರಿಡ್ ಕೆಲಸಕ್ಕೆ ಬೇಕಾದ ತತ್ವ ಅದರಲ್ಲೇ ಅಡಗಿದೆ. 2020ರ ಮೇ ತಿಂಗಳಲ್ಲಿ ಕೇಂದ್ರದ ಸಿಬ್ಬಂದಿ ಇಲಾಖೆ ತನ್ನ ನೌಕರರಿಗೆ ವರ್ಷಕ್ಕೆ 15 ದಿನ ಮನೆಯಿಂದ ಕೆಲಸದ ಆಯ್ಕೆ ಕೊಡುವ ಕರಡನ್ನು ಹೊರಡಿಸಿತ್ತು. ವಿಶ್ವವಿದ್ಯಾಲಯವೊಂದು ತನ್ನ ಸಿಂಡಿಕೇಟಿನಲ್ಲಿ ಅಷ್ಟನ್ನಾದರೂ ಚರ್ಚೆಗೆ ತರಬಹುದು. ಯಾವ ಶಾಖೆಯ ಯಾವ ಕೆಲಸ ಕೋಣೆ ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಆಯಾ ವಿಷಯ ನಿರ್ವಾಹಕರನ್ನೇ ಕೇಳಿ ಪಟ್ಟಿ ಮಾಡಬಹುದು. ಪರೀಕ್ಷೆ, ಪ್ರವೇಶಗಳ ತಿಂಗಳಲ್ಲಿ ಎಲ್ಲರೂ ಬರಲಿ, ಫಲಿತಾಂಶ ಪ್ರಕಟವಾದ ನಂತರದ ವಾರಗಳಲ್ಲಿ ದತ್ತಾಂಶ ತಿದ್ದುಪಡಿಯಂಥ ಕೆಲಸಕ್ಕೆ ವಾರಕ್ಕೊಂದು ದಿನ ಮನೆಯಿಂದಲೇ ಲಾಗಿನ್ ಆಗಲು ಬಿಡಲಿ.

ಹಾಗೆ ಪಟ್ಟಿ ಮಾಡುವಾಗ ಹೊರಗುತ್ತಿಗೆ ನೌಕರರನ್ನು ಮರೆಯಬಾರದು. ಕಾವಲುಗಾರರಿಗೆ, ಸ್ವಚ್ಛತಾ ಸಿಬ್ಬಂದಿಗೆ, ಪ್ರಯೋಗಾಲಯದ ಸಹಾಯಕರಿಗೆ ಮನೆಯಿಂದ ಕೆಲಸ ಎಂಬುದು ಅರ್ಥವಿಲ್ಲದ ಮಾತು. ಅವರಿಗೆ ಬೇರೆ ಬಗೆಯ ಪರಿಹಾರ, ಉದಾಹರಣೆಗೆ ಪಾಳಿ ಆರಿಸಿಕೊಳ್ಳುವ ಅವಕಾಶ ಬೇಕು. ಡೇಟಾ ಎಂಟ್ರಿ ಆಪರೇಟರುಗಳ ಸ್ಥಿತಿ ಬೇರೆ. ಲಾಕ್‌ಡೌನಿನಲ್ಲಿ ತಮ್ಮದೇ ಮೊಬೈಲಿನ ಡೇಟಾ ಖರ್ಚು ಮಾಡಿ, ರಾತ್ರಿ ಜಾಲ ಚುರುಕಾದ ಹೊತ್ತಿಗೆ ಅಂಕಗಳನ್ನು ತುಂಬಿದವರು ಇವರಲ್ಲಿದ್ದಾರೆ. ಈಗ ಅವರ ದಿನಗೂಲಿ ಬೆರಳಚ್ಚಿಗೆ ಕಟ್ಟಿಕೊಂಡಿದೆ. ಸರ್ವರ್ ಕೈಕೊಟ್ಟ ದಿನವೂ ಅವರು 10 ಗಂಟೆಗೆ ಬಂದು, ತೆರೆಯದ ಪುಟದ ಮುಂದೆ ಸಂಜೆ 5.30ರವರೆಗೆ ಕುಳಿತು, ರಾತ್ರಿ ಸರ್ವರ್ ಸರಿಹೋಯಿತೆಂದು ಶಾಖೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಬಂದಾಗ, ಮನೆಯಲ್ಲಿ ಮತ್ತೆ ಲಾಗಿನ್ ಆಗುತ್ತಾರೆ. ಆ ಎರಡನೆಯ ಪಾಳಿಗೆ ಹಾಜರಿ ಇಲ್ಲ.